ಸುರುಳಿ ಇರುವುದೋ, ಇಲ್ಲದ್ದೋ

ಮೂವತ್ತನಾಲ್ಕನೇ ವಯಸ್ಸಿಗೆ ನಿವೃತ್ತಿಯಾದೆ ಎಂದರೆ ನಗುವವರು ಒಮ್ಮೆ ನನ್ನ ಸೊಂಟದ ಎಕ್ಸ್‌ರೇ ನೋಡಬೇಕು. ನೆರಳಿನ ತೋಟದ ಕೆಲಸವೆಲ್ಲ ಮನುಷ್ಯನ ಮೊಣಕಾಲಿಗಿಂತ ಕೆಳಗೇ ನಡೆಯುತ್ತದೆ. ಮೆಟ್ಟಿಲ ಕೆಳಗಿನ ಮೂಲೆ, ಲಿಫ್ಟಿನ ಪಕ್ಕದ ಸಂದು, ಆಸ್ಪತ್ರೆಯ ಒಳಾಂಗಣ, ಎಲ್ಲ ಕಡೆಯೂ ಬಗ್ಗಬೇಕು, ಕೂರಬೇಕು, ಒದ್ದೆ ಕುಂಡವನ್ನು ಎತ್ತಬೇಕು. "ಇನ್ನು ಬಗ್ಗಬೇಡಿ" ಎಂದರು ಡಾಕ್ಟರು. ಅವರೊಡನೆಯೂ ವಾದಿಸಿದೆ. ಸೊಂಟ ಅವರ ಪರವಾಗಿ ಸಾಕ್ಷಿ ಹೇಳಿತು.

ಈಗ ಈ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವವರು ಕೇಳುತ್ತಾರೆ, ಮೇಡಂ, ನಿಜವಾಗಿ ಹೇಗಿರುತ್ತದೆ ಎಂದು. ಜರಿಗಿಡಕ್ಕೆ ಎಷ್ಟು ನೀರು, ಎಷ್ಟು ನೆರಳು ಎಂಬುದು ನಿಮ್ಮ ಫೋನಿನಲ್ಲೇ ಇದೆ. ಅಲ್ಲಿ ಇಲ್ಲದ್ದನ್ನು ನಾನು ಬರೆಯುತ್ತೇನೆ. ಒಂದು ಎಚ್ಚರಿಕೆ: ಓದಿ ಮುಗಿಸುವ ಹೊತ್ತಿಗೆ ನಿಮಗೆ ಈಗ ಗೊತ್ತಿರುವುದಕ್ಕಿಂತ ಕಡಿಮೆ ಗೊತ್ತಿರಬಹುದು. ನನಗೆ ಆದದ್ದು ಹಾಗೆಯೇ.

ನಾನು ದಾವಣಗೆರೆಯವಳು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಗೆದ್ದು ಮನೆಯ ಷೋಕೇಸಿನಲ್ಲಿ ಲೋಟಗಳಿಗೆ ಜಾಗವಿಲ್ಲದಂತೆ ಮಾಡಿದವಳು. ಪರವೋ ವಿರೋಧವೋ ಎಂಬ ಚೀಟಿ ಎತ್ತಿದ ಮೇಲೆಯೇ ನನಗೆ ಅಭಿಪ್ರಾಯ ಹುಟ್ಟುತ್ತಿತ್ತು. ಎತ್ತಿದ ಐದು ನಿಮಿಷಕ್ಕೆ ಅದು ಹುಟ್ಟಿನಿಂದಲೇ ನನ್ನದಾಗಿತ್ತೇನೋ ಎಂಬಂತೆ ಮಾತಾಡುತ್ತಿದ್ದೆ. ತೋಟಗಾರಿಕೆ ಓದಿ, ವಿಶಾಖಪಟ್ಟಣದ ಒಂದು ಸಣ್ಣ ಸಂಸ್ಥೆಗೆ ಸೇರಿದೆ. ಆಫೀಸು, ಆಸ್ಪತ್ರೆ, ಅತಿಥಿಗೃಹಗಳಿಗೆ ನೆರಳಿನ ಗಿಡಗಳನ್ನು ಬಾಡಿಗೆಗೆ ಕೊಟ್ಟು ನೋಡಿಕೊಳ್ಳುವುದು ಅದರ ಕಸುಬು. ನರ್ಸರಿ ಇದ್ದದ್ದು ಅನಕಾಪಲ್ಲಿಯ ದಾರಿಯಲ್ಲಿ, ಹಸಿರು ಶೇಡ್ ನೆಟ್ಟಿನ ಕೆಳಗೆ. ಗಿರಾಕಿಗಳಲ್ಲಿ ಅರ್ಧ ವಿಶಾಖದಲ್ಲಿ, ಅರ್ಧ ವಿಜಯವಾಡದಲ್ಲಿ. ವಿಜಯವಾಡದ ಅರ್ಧ ನನ್ನ ತಲೆಗೆ ಬಿತ್ತು.

ಮೊದಲ ದಿನವೇ ಮಾಲಕಿಯೊಡನೆ ಜಗಳ. ಪದ್ಮಾವತಿ ಗಾರು ದಪ್ಪ ಕನ್ನಡಕದ, ಯಾವಾಗಲೂ ಒದ್ದೆ ಸೆರಗಿನ ಹೆಂಗಸು. ಅವರು ಆಡುತ್ತಿದ್ದದ್ದು ತೆಲುಗು. ಅದನ್ನು ನನಗೆ ಬಂದ ಕನ್ನಡದಲ್ಲಿ ಇಲ್ಲಿ ಇಡುತ್ತಿದ್ದೇನೆ.

"ನಮ್ಮ ಜಾಹೀರಾತಿನಲ್ಲಿ ನಿತ್ಯಹಸಿರು ಅಂತಿದೆ. ಇಲ್ಲಿ ನೋಡಿದರೆ ಪ್ರತಿ ಕುಂಡದಲ್ಲೂ ಒಣಗಿದ ಎಲೆ" ಎಂದೆ.

"ನಿತ್ಯಹಸಿರು ಅಂದರೆ ಎಲೆ ಸಾಯೋದಿಲ್ಲ ಅಂತಲ್ಲ ರೂಪಮ್ಮಾ. ಎಲ್ಲವೂ ಒಟ್ಟಿಗೆ ಸಾಯೋದಿಲ್ಲ ಅಂತ. ಒಂದು ಸಾಯುತ್ತೆ, ಒಂದು ಬರುತ್ತೆ. ಸತ್ತದ್ದನ್ನ ಆಫೀಸು ತೆರೆಯೋ ಮುಂಚೆ ಕತ್ತರಿಸೋಳು ನೀನು."

"ಅದು ಗಿರಾಕಿಗೆ ಮಾಡೋ ಮೋಸ ಅಲ್ಲವಾ?"

"ನೀನು ಬೆಳಿಗ್ಗೆ ತಲೆ ಬಾಚಿಕೊಂಡು ಬಂದೆಯಲ್ಲ. ಬಾಚಣಿಗೇಲಿ ಸಿಕ್ಕ ಕೂದಲನ್ನೂ ತಂದು ತೋರಿಸಿದೆಯಾ?"

ಇದಕ್ಕೆ ಒಳ್ಳೆಯ ಉತ್ತರ ನನಗೆ ಹೊಳೆದದ್ದು ಬಸ್ಸಿನಲ್ಲಿ. ಆಗ ಪಕ್ಕದಲ್ಲಿ ಇದ್ದವನು ಕಂಡಕ್ಟರ್ ಮಾತ್ರ.

ಕತ್ತರಿಸುವುದಕ್ಕಿಂತ ದೊಡ್ಡ ಗುಟ್ಟು ಬದಲಿಯದು. ಕತ್ತಲೆ ಲಾಬಿಯಲ್ಲಿ ಯಾವ ಜರಿಗಿಡವೂ ತಿಂಗಳುಗಟ್ಟಲೆ ಚೆನ್ನಾಗಿರುವುದಿಲ್ಲ. ಕೆಲವು ವಾರ ಇಟ್ಟು, ಸಪ್ಪೆಯಾಗುವ ಮೊದಲೇ ವ್ಯಾನಿನಲ್ಲಿ ವಿಶಾಖಕ್ಕೆ ಕಳಿಸುತ್ತೇವೆ. ಸಮುದ್ರದ ಹಸಿಗಾಳಿಯಲ್ಲಿ ಅದು ಚೇತರಿಸಿಕೊಳ್ಳುತ್ತದೆ. ಅದರ ಜಾಗಕ್ಕೆ ಅದೇ ಅಳತೆಯ ಇನ್ನೊಂದನ್ನು ಅದೇ ಕುಂಡದಲ್ಲಿ ಕೂರಿಸುತ್ತೇವೆ. ಕರಾರಿನಲ್ಲೇ ಇದು ಬರೆದಿದೆ. ಕರಾರನ್ನು ಓದುವವರು ಯಾರು? "ನಮ್ಮ ಗಿಡ ನೋಡಿ, ಐದು ವರ್ಷದಿಂದ ಹೀಗೇ ಇದೆ" ಎಂದು ಬಂದವರಿಗೆಲ್ಲ ತೋರಿಸುವ ಮ್ಯಾನೇಜರುಗಳನ್ನು ನಾನು ಎಷ್ಟು ಕಂಡಿದ್ದೇನೋ.

ವಿಜಯವಾಡದಲ್ಲಿ ನನ್ನ ಮೊದಲ ಬೇಸಗೆ. ಇಬ್ರಾಹಿಂಪಟ್ನಂ ಕಡೆಯ ಒಂದು ಅತಿಥಿಗೃಹ. ವಿದ್ಯುತ್ ಸ್ಥಾವರದ ದಿಕ್ಕಿನಿಂದ ಗಾಳಿ ಬೀಸಿದರೆ ಕಿಟಕಿಯ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದಾದ ಊರು ಅದು. ಎಲೆಗಳನ್ನು ಬರೀ ನೀರಿನಲ್ಲಿ ಒರೆಸಿ ಎಂದು ಹೇಳಿ ಬಂದಿದ್ದೆ. ಮುಂದಿನ ವಾರ ಹೋದರೆ ಎಲ್ಲವೂ ದೇವರ ಮೂರ್ತಿಗಳ ಹಾಗೆ ಮಿರಮಿರ ಮಿಂಚುತ್ತಿವೆ. ಸಾಹೇಬರು ಬರುತ್ತಾರೆಂದು ಅಲ್ಲಿಯ ಅಟೆಂಡರ್ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದ್ದ. ಸಾಹೇಬರು ಮೆಚ್ಚಿ ಹೋದರು. ಅವರು ಹೋದ ಮೇಲೆ ಬೂದಿ ಬಂದು ಎಣ್ಣೆಯ ಮೇಲೆ ಕೂತಿತು. ಗಿಡಗಳು ಸಿಮೆಂಟಿನವಾದವು. ಸೋಪಿನ ನೀರಿನಲ್ಲಿ ಒಂದೊಂದೇ ಎಲೆ ತೊಳೆದೆ. ಅರ್ಧ ಸತ್ತವು, ಅರ್ಧ ಹಿಂದೆಂದೂ ಇಲ್ಲದಷ್ಟು ಚಿಗುರಿದವು. ಏಕೆ? ಒಂದೇ ಎಣ್ಣೆ, ಒಂದೇ ಬೂದಿ, ಒಂದೇ ಸೋಪು. ಉತ್ತರ ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಪದ್ಮಾವತಿ ಗಾರು ಎಲ್ಲ ರೋಗಕ್ಕೂ ಕೊಡುತ್ತಿದ್ದದ್ದು ಅನಕಾಪಲ್ಲಿ ಬೆಲ್ಲದ ನೀರು. "ಇದಕ್ಕೆ ವೈಜ್ಞಾನಿಕ ಆಧಾರವೇನು?" ಎಂದು ಕೇಳಿದರೆ, "ನಿನಗೆ ಬೆಲ್ಲ ಕೊಟ್ಟರೆ ಬೇಡ ಅಂತೀಯಾ?" ಎನ್ನುತ್ತಿದ್ದರು. ಒಮ್ಮೆ ಅವರ ಮಾತು ಕೇಳಿ ಒಂದು ಬ್ಯಾಂಕ್ ಶಾಖೆಯ ಗಿಡಗಳಿಗೆ ಹಾಕಿದೆ. ಇರುವೆಗಳ ಸಾಲು ಕುಂಡದಿಂದ ಹೊರಟು ನಗದು ಕೌಂಟರಿನ ಡ್ರಾಯರಿನೊಳಗೆ ಹೋಯಿತು. ಕ್ಯಾಷಿಯರ್ ನನ್ನನ್ನು ಕರೆಸಿ ಒಂದು ನೋಟಿನ ಕಟ್ಟು ಬಿಚ್ಚಿ ತೋರಿಸಿದರು. ನಾಚಿಕೆಯಾಯಿತು. ಆದರೆ ಗಿಡಗಳು ಚೆನ್ನಾದವು, ಅದೂ ನಿಜ. ಬೆಲ್ಲದಿಂದಲೋ, ಅದೇ ವಾರ ಕೆಟ್ಟು ನಿಂತ ಏಸಿಯಿಂದಲೋ ನಾನು ಹೇಳಲಾರೆ.

ಇನ್ನೊಂದನ್ನು ಹೊಸಬರು ಬರೆದಿಟ್ಟುಕೊಳ್ಳಿ. ಜರಿಗಿಡಕ್ಕೆ ಹೂವಿಲ್ಲ, ಬೀಜವಿಲ್ಲ. ಎಲೆಯ ಹಿಂಬದಿಯಲ್ಲಿ ಕಂದು ಬಣ್ಣದ ಬೀಜಕದ ಗೆರೆಗಳಿರುತ್ತವೆ. ಒಬ್ಬ ಆಸ್ಪತ್ರೆ ಮ್ಯಾನೇಜರ್ "ಹುಳು ಬಿದ್ದಿದೆ, ಗಿಡ ಬದಲಿಸಿ" ಎಂದು ಕೂಗಾಡಿದರು. ನಾನು ಎಲೆ ತಿರುಗಿಸಿ, ಅದು ಗಿಡದ ಸಂತಾನ ಮಾರ್ಗವೆಂದು, ಜರಿಗಿಡಗಳ ಪುರಾತನ ಇತಿಹಾಸದ ಸಮೇತ ವಾದಿಸಿದೆ. ಅಲ್ಲಿದ್ದ ನರ್ಸುಗಳೆಲ್ಲ ನನ್ನ ಕಡೆಯಾದರು. ಮ್ಯಾನೇಜರ್ ಸೋತು ಕ್ಷಮೆ ಕೇಳಿದರು. ಕೆಲವೇ ವಾರಕ್ಕೆ ಆ ಗಿಡ ಹುಳು ಬಿದ್ದೇ ಸತ್ತಿತು. ಗೆರೆಗಳ ನಡುವೆ ಎಲೆಗೆ ಅಂಟಿ ಕೂರುವ ಕಂದು ಶಲ್ಕಕೀಟಗಳೂ ಇದ್ದವು. ಬೀಜಕ ಸಾಲಾಗಿ, ಬಾಚಿದ ಹಾಗೆ ಇರುತ್ತದೆ. ಕೀಟ ಎಲ್ಲೆಂದರಲ್ಲಿ ಕೂತಿರುತ್ತದೆ. ಇದು ಪುಸ್ತಕದಲ್ಲೂ ಇದೆ. ಆದರೆ ವಾದ ಗೆಲ್ಲುತ್ತಿರುವವನು ಎಲೆಯನ್ನು ಎರಡನೇ ಸಲ ತಿರುಗಿಸಿ ನೋಡುವುದಿಲ್ಲ.

ಇಷ್ಟು ಪೀಠಿಕೆ. ನಾನು ಹೇಳಬೇಕೆಂದದ್ದು ಮೂರನೇ ಮಹಡಿಯ ಗಿಡದ ವಿಷಯ.

ವಿಜಯವಾಡದಲ್ಲಿ ಒಂದು ಬ್ಯಾಂಕಿನ ಪ್ರಾದೇಶಿಕ ಕಚೇರಿ ಆ ವರ್ಷವಷ್ಟೇ ನನ್ನ ಪಾಲಿಗೆ ಬಂದ ಗಿರಾಕಿಯಾಗಿತ್ತು. ಅದರ ಮೂರನೇ ಮಹಡಿಗೆ ಹೋದರೆ ನನಗೆ ಊರಿಗೆ ಹೋದಷ್ಟೇ ಸುಖ. ವರ್ಗವಾಗಿ ಬಂದ ಕನ್ನಡದವರು ಅಲ್ಲಿ ಹಲವರಿದ್ದರು. ಉಡುಪಿ ಕಡೆಯ ಶೆಟ್ಟರು ಸಾಲ ವಸೂಲಾತಿಯ ಅಧಿಕಾರಿ, ಆ ಮಹಡಿಯ ಅನಧಿಕೃತ ವಾರ್ತಾವಾಚಕರೂ ಅವರೇ. ಕಿಟಕಿಗಳು ಬಡಗಣಕ್ಕೆ. ಎದುರಿನ ಕಟ್ಟಡದ ನೆರಳು ದಿನವಿಡೀ. ಅಲ್ಲಿ ನಾವು ಇಡುತ್ತಿದ್ದದ್ದು ಹಕ್ಕಿಗೂಡಿನಾಕಾರದ ಜರಿಗಿಡ. ಅಗಲವಾದ ಹೊಳೆಯುವ ಎಲೆಗಳು ವೃತ್ತವಾಗಿ ನಿಂತಿರುತ್ತವೆ. ನಡುವಿನ ಕಂದು ಗೂಡಿನಿಂದ ಹೊಸ ಎಲೆ ಬರುವಾಗ ಪಿಟೀಲಿನ ತಲೆಯ ಹಾಗೆ ಸುರುಳಿ ಸುತ್ತಿಕೊಂಡು ಏಳುತ್ತದೆ. ಬ್ಯಾಂಕಿನವರು ಅದನ್ನು ಸುರುಳಿ ಗಿಡ ಎನ್ನುತ್ತಿದ್ದರು.

ಒಂದು ಸೋಮವಾರ ನೋಡುತ್ತೇನೆ, ಲಿಫ್ಟಿನ ಬಳಿ ಇರಬೇಕಾದ ಕುಂಡ ಸುಮಂಗಲಾ ಮೇಡಂ ಟೇಬಲ್ಲಿನ ಪಕ್ಕಕ್ಕೆ ಬಂದಿದೆ. ಸುಮಂಗಲಾ ಗದಗಿನವರು, ಸಾಲ ಮಂಜೂರಾತಿಯ ವಿಭಾಗದವರು. ಗೃಹಸಾಲದ ಫೈಲಿನಲ್ಲಿ ಸುಳ್ಳು ಇದ್ದರೆ ಮೂಗಿನಿಂದಲೇ ಹಿಡಿಯುತ್ತಾರೆಂದು ಹೆಸರು.

"ಇದನ್ನ ಯಾರು ಇಲ್ಲಿಗೆ ತಂದ್ರು? ಏಸಿ ಗಾಳಿ ನೇರ ಹೊಡೀತದೆ" ಎಂದೆ.

ಶೆಟ್ಟರು ಕುರ್ಚಿಯನ್ನೇ ಉರುಳಿಸಿಕೊಂಡು ಬಂದರು. "ನಿಮಗೆ ಗೊತ್ತಿಲ್ವಾ? ಎಂತ ಗಿಡದವರು ನೀವು! ಯಾರದ್ದು ಟ್ರಾನ್ಸ್‌ಫರ್ ಅರ್ಜಿ ಉಂಟು, ಅವರ ಟೇಬಲ್ ಹತ್ರ ಇದು ಹೋಗ್ತದೆ. ಪಟ್ಟಿ ಬರುವ ಮೊದಲು ಸುರುಳಿ ಬಂದ್ರೆ ಊರಿಗೆ ಆಯ್ತು ಅಂತ ಲೆಕ್ಕ. ಬರದಿದ್ರೆ ಇನ್ನೊಂದು ವರ್ಷ ಗೋಂಗೂರ ಚಟ್ನಿ."

"ಇದನ್ನ ನೀವು ನಂಬ್ತೀರಾ ಸರ್?"

"ನಾನಾ? ಛೆ ಛೆ. ಆದ್ರೆ ಎಲ್ಲರೂ ನಂಬ್ತಾರಲ್ಲ ಮಾರಾಯ್ರೆ. ಇವರ ಯಜಮಾನರದ್ದೇ ನೋಡಿ. ಎರಡು ವರ್ಷ ಹಿಂದೆ ಇದೇ ಮಹಡಿಯಲ್ಲಿ ಕೂತಿದ್ದವರು. ಸುರುಳಿ ಬಂತು, ಗದಗಕ್ಕೆ ಹೋದ್ರು."

ನನಗೆ ಚರ್ಚಾವೇದಿಕೆಯ ಮೈಕು ಸಿಕ್ಕಿದಷ್ಟು ಖುಷಿ. ಗಿಡಕ್ಕೆ ಬೆಳಕು, ತೇವ, ಶಾಖ ಸಿಕ್ಕರೆ ಸುರುಳಿ ಬರುತ್ತದೆ, ವರ್ಗಾವಣೆಯನ್ನು ಮಾಡುವುದು ಮುಖ್ಯ ಕಚೇರಿ, ಇವೆರಡರ ನಡುವೆ ಇರುವ ಸಂಬಂಧ ತೋರಿಸಿ ಎಂದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದದ್ದನ್ನೂ ಹೇಳಿಕೊಂಡು ಮೂರು ಅಂಶ ಮಂಡಿಸಿದೆ. ನಾಲ್ಕನೆಯದು ಬಾಯಿಗೆ ಬಂದು ನಿಂತಿತು: ಎರಡು ವರ್ಷದ ಹಿಂದಿನ ಗಿಡ ಇದಲ್ಲವೇ ಅಲ್ಲ, ಆಮೇಲೆ ಎಷ್ಟೋ ಗಿಡ ಬಂದು ಹೋಗಿವೆ. ಬದಲಿಯ ವಿಷಯ ಗಿರಾಕಿಯ ಮುಂದೆ ಎತ್ತಬಾರದೆಂಬುದು ನಮ್ಮ ಸಂಸ್ಥೆಯ ಕಟ್ಟುನಿಟ್ಟು. ನುಂಗಿದೆ.

ಸುಮಂಗಲಾ ಮೇಡಂ ಪೂರ್ತಿ ಕೇಳಿಸಿಕೊಂಡು, ತಲೆ ಎತ್ತದೆ, ಫೈಲಿಗೆ ಸಹಿ ಹಾಕಿದರು. ನಾನು ಹೊರಟಾಗ ಮೆಟ್ಟಿಲವರೆಗೂ ಬಂದರು.

"ನೀವು ಹೇಳಿದ್ದು ಖರೇ ಐತಿ. ಗಿಡಕ್ಕೂ ಆರ್ಡರಿಗೂ ಏನೂ ಸಂಬಂಧ ಇಲ್ಲ. ಹಂಗಿದ್ರ ನನಗೊಂದು ಕೆಲಸ ಮಾಡಿಕೊಡ್ರಿ."

"ಹೇಳಿ ಮೇಡಂ."

"ಸುರುಳಿ ಬರಲಾರದ ಗಿಡ ಒಂದ ತಂದ ಇಡ್ರಿ."

ನನಗೆ ಅರ್ಥವಾಗಲಿಲ್ಲ. ಎಲ್ಲರೂ ಊರಿಗೆ ಹೋಗಲು ಹಾತೊರೆಯುವ ಮಹಡಿ ಅದು. ಆಕೆ ಮೆಟ್ಟಿಲ ಮೇಲೆಯೇ ಕೂತರು. ಹಬ್ಬಕ್ಕೆ ಗದಗಕ್ಕೆ ಹೋದಾಗ ಗಂಡನೇ ಅರ್ಜಿ ತುಂಬಿದ್ದರಂತೆ. ಅತ್ತೆ, ಮಾವ, ಮೈದುನಂದಿರು ಸುತ್ತ ಕೂತಿದ್ದಾಗ ಪೆನ್ನು ಕೈಗೆ ಕೊಟ್ಟರಂತೆ.

"ಅಷ್ಟು ಮಂದಿ ಮುಂದ ಒಲ್ಲೆ ಅನ್ನಾಕ ಆಗಲಿಲ್ಲ. ನನಗ ಹೋಗೂದು ಬ್ಯಾಡ್ರಿ. ಅಲ್ಲಿ ನಾ ಸೊಸಿ, ಇಲ್ಲಿ ನಾ ಮ್ಯಾಡಮ್ಮು. ಇಲ್ಲಿ ಒಂದು ಫೈಲ್ ಒಲ್ಲೆ ಅಂದ್ರ ಬಿಲ್ಡರ್ ನಡಗ್ತಾನ. ಅಲ್ಲಿ ಸಾರಿಗೆ ಉಪ್ಪು ಕಮ್ಮಿ ಆದ್ರ ನಾ ನಡಗಬೇಕು. ಮಗಳು ಇಲ್ಲೇ ಹೈಸ್ಕೂಲಿಗೆ ಹೊಂಟಾಳ. ಅಕಿ ಕನ್ನಡ ಅಂದ್ರ ಅಜ್ಜಿ ಜೋಡಿ ಫೋನಿನ್ಯಾಗ ಐದು ನಿಮಿಷ, ಅಷ್ಟ."

"ಅರ್ಜಿ ವಾಪಸ್ ತಗೊಳ್ಳಿ. ಅವಕಾಶ ಇದೆಯಲ್ಲ?"

"ಬರೂ ವಾರ ಶುಕ್ರವಾರತನ ಐತಿ. ತಗೊಂಡ್ರ ಕಾರಣ ಏನಂತ ಹೇಳ್ಲಿ? ನಮ್ಮ ಮನಿಯವ್ರು ದಿನಾ ಫೋನ್ ಮಾಡ್ತಾರ, ಸುರುಳಿ ಬಂತೇನು, ಸುರುಳಿ ಬಂತೇನು ಅಂತ. ಇವರಿಗೆ ಅದರ ಮ್ಯಾಲ ಭಾಳ ನಂಬಿಕಿ. ಇವರ ಅವ್ವಗಂತೂ ಇನ್ನೂ. ಬರಲಿಲ್ಲ, ಈ ವರ್ಷ ಯೋಗ ಇಲ್ಲ, ಸುಮ್ನ ಯಾಕ ಅರ್ಜಿ ಅಂದ್ರ ಯಾರೂ ಜಗಳಾ ತಗಿಯೂದಿಲ್ಲ. ಗಿಡದ ಮ್ಯಾಲ ಯಾರ್ ಸಿಟ್ಟಾಗ್ತಾರ?"

"ಅಂದರೆ ನೀವು ನಂಬದೇ ಇರೋ ಮೂಢನಂಬಿಕೆಯನ್ನ ವಾದಕ್ಕೆ ಬಳಸ್ತೀರಿ."

"ನಿಮ್ಮ ಸ್ಪರ್ಧಾದಾಗ ನೀವು ಹೇಳಿದ್ದನ್ನೆಲ್ಲಾ ನಂಬೇ ಹೇಳ್ತಿದ್ರೇನು?"

ಚೀಟಿ ಎತ್ತಿದ್ದೆಲ್ಲ ನೆನಪಾಯಿತು. ತರುತ್ತೇನೆ ಎಂದೆ.

ಆ ವಾರವೇ ವ್ಯಾನಿನೊಡನೆ ವಿಶಾಖಕ್ಕೆ ಹೋದೆ. ಬದಲಿ ಗಿಡ ಆರಿಸುವ ನೆಪ ಮಾಡಿ ಶೇಡ್ ನೆಟ್ಟಿನ ಕೆಳಗೆ ಸಾಲು ಸಾಲು ನೋಡಿದೆ. ಹಿಂದಿನ ಸಾಲಿನಲ್ಲಿ ಒಂದು ಹಳೆಯ ಗಿಡವಿತ್ತು. ಎಲೆಗಳು ಗಟ್ಟಿ, ಕಡುಹಸಿರು. ನಾನು ಸೇರಿದಾಗಿನಿಂದ ಅದು ಒಂದೇ ಒಂದು ಹೊಸ ಎಲೆ ಬಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ನೀರು ಹಾಕುವ ಹೆಂಗಸರು ಅದಕ್ಕೆ ಇಟ್ಟ ಹೆಸರು ಇಲ್ಲರಿಕಂ ಅಲ್ಲುಡು, ಎಂದರೆ ಮನೆಯಳಿಯ. ಕೂತಲ್ಲೇ ಕೂತು ತಿನ್ನುತ್ತದೆ, ಕೆಲಸ ಮಾಡುವುದಿಲ್ಲ ಎಂದು. ಅದನ್ನೇ ಎತ್ತಿಸಿದೆ.

ಪದ್ಮಾವತಿ ಗಾರು ಚಹಾ ಲೋಟ ಹಿಡಿದು ಬಂದು ನೋಡಿದರು. "ಏಮ್ಮಾ, ವಿಜಯವಾಡದ ಬ್ಯಾಂಕಿಗಾ?"

"ಹೌದು."

"ಸುರುಳಿ ಇರೋದು ಬೇಕಂದ್ರಾ, ಇಲ್ಲದ್ದು ಬೇಕಂದ್ರಾ?"

ನಿಮಗೆ ಹೇಗೆ ಗೊತ್ತು ಎಂದೆ. ಅವರು ಕನ್ನಡಕ ಒರೆಸಿಕೊಂಡರು. "ನೀನೇ ಮೊದಲು ಅಂದುಕೊಂಡೆಯಾ? ಪ್ರತಿ ವರ್ಷ ಈ ಕಾಲಕ್ಕೆ ಆ ಮಹಡಿಯಿಂದ ಫೋನು. ಒಬ್ಬರು, ಅಮ್ಮಾ, ಸುರುಳಿ ಇರೋದು ಕಳಿಸಿ, ಮನೆಯೋಳು ನಂಬ್ತಾಳೆ ಅಂತಾರೆ. ಇನ್ನೊಬ್ಬರು, ಸುರುಳಿ ಬೇಡ, ಅಪ್ಪ ನಂಬ್ತಾರೆ ಅಂತಾರೆ. ನಾನು ಕಳಿಸ್ತೀನಿ. ಇಬ್ಬರೂ ಗಿರಾಕಿಗಳೇ."

"ಸುಮಂಗಲಾ ಮೇಡಂ ಅವರ ಯಜಮಾನರು..."

"ವೀರೇಶ್ ಗಾರಾ? ಅವರಿಗೆ ಎರಡು ಸುರುಳಿ ಇದ್ದದ್ದು ಕೊಟ್ಟೆ. ಹೆಂಡತಿಗೆ ಹೇಳದೆ ಅರ್ಜಿ ಹಾಕಿಬಿಟ್ಟಿದ್ದೀನಿ, ಗಿಡವೇ ಹೇಳಿತು ಅಂದರೆ ಬೈಯೋದಿಲ್ಲ, ಆಕೆಗೆ ಅದರಲ್ಲಿ ಬಹಳ ನಂಬಿಕೆ ಅಂದರು."

ನಾನು ಕುಂಡದ ಅಂಚಿನ ಮೇಲೆ ಕೂತೆ. ಹೆಂಡತಿ ನಂಬುತ್ತಾಳೆಂದು ಗಂಡ ಗಿಡ ತರಿಸಿದ. ಗಂಡ ನಂಬುತ್ತಾನೆಂದು ಹೆಂಡತಿ ತರಿಸುತ್ತಿದ್ದಾಳೆ. ಶೆಟ್ಟರು ನಂಬುವುದಿಲ್ಲ, ಆದರೆ ಎಲ್ಲರೂ ನಂಬುತ್ತಾರಲ್ಲ. ಹಾಗಾದರೆ ನಂಬುವವರು ಯಾರು?

"ನೀವಾದರೂ ನಂಬ್ತೀರಾ?" ಎಂದು ಕೇಳಿದೆ.

"ನಾನು ಬೆಲ್ಲದ ನೀರನ್ನ ನಂಬ್ತೀನಿ" ಎಂದು ಅವರು ಹೋದರು.

ಮೂಢನಂಬಿಕೆಯ ವಿರುದ್ಧ ನಾನು ಎಷ್ಟೋ ಬಾರಿ ಮಾತಾಡಿ ಗೆದ್ದಿದ್ದೇನೆ. ಆಗೆಲ್ಲ ಎದುರಿಗೆ ನಂಬುವವನೊಬ್ಬ ಇದ್ದಾನೆ ಎಂಬುದು ಗೊತ್ತಿರುತ್ತಿತ್ತು. ಇಲ್ಲಿ ಎದುರು ಪಕ್ಷದ ಕುರ್ಚಿ ಖಾಲಿ. ಖಾಲಿ ಕುರ್ಚಿಯ ಮಾತನ್ನು ಇಡೀ ಮಹಡಿ ಕೇಳುತ್ತಿತ್ತು.

ಸೋಮವಾರ ಬೆಳಿಗ್ಗೆ, ಆಫೀಸು ತೆರೆಯುವ ಮೊದಲು, ಮನೆಯಳಿಯನನ್ನು ಸುಮಂಗಲಾ ಮೇಡಂ ಟೇಬಲ್ಲಿನ ಪಕ್ಕ ಕೂರಿಸಿದೆ. ಸುರುಳಿ ಬರದಂತೆ ಏನೇನು ಮಾಡಬಹುದೋ ಎಲ್ಲ ಮಾಡಿದೆ. ಕುಂಡವನ್ನು ಬೀರುವಿನ ಮರೆಗೆ ಸರಿಸಿ ಬೆಳಕು ಕಡಿಮೆ ಮಾಡಿದೆ. ನೀರನ್ನು ಹಿಡಿದು ಹಾಕಿದೆ. ಗೊಬ್ಬರವಿಲ್ಲ. ಬೆಲ್ಲವಂತೂ ಇಲ್ಲವೇ ಇಲ್ಲ. ಪುಸ್ತಕದ ಪ್ರಕಾರ ಆ ಗಿಡ ಆರು ತಿಂಗಳು ಉಸಿರು ಹಿಡಿದು ಕೂರಬೇಕಿತ್ತು.

ಬುಧವಾರ ಮೇಡಂ ಫೋನು. "ಲಗೂನ ಬರ್ರಿ. ಕತ್ರಿ ತಗೊಂಡ ಬರ್ರಿ."

ಹೋದೆ. ಗೂಡಿನ ನಟ್ಟನಡುವೆ, ಕಂದು ನಾರಿನ ಒಳಗಿನಿಂದ, ಹೆಬ್ಬೆರಳಿನಷ್ಟು ದಪ್ಪದ ಎಳೆ ಹಸಿರು ಸುರುಳಿ ತಲೆಯೆತ್ತಿತ್ತು. ನನ್ನನ್ನು ನೋಡಿ ನಕ್ಕ ಹಾಗೆ ಇತ್ತು ಎಂದು ಬರೆಯಲು ಮನಸ್ಸಾಗುತ್ತದೆ, ಆದರೆ ಗಿಡಗಳು ನಗುವುದಿಲ್ಲ.

"ಹೆಂಗ ಬಂತ್ರಿ ಇದು? ಬರೂದಿಲ್ಲ ಅಂದಿದ್ರಿ."

"ಗೊತ್ತಿಲ್ಲ ಮೇಡಂ. ವ್ಯಾನಿನಲ್ಲಿ ಅಲುಗಾಡಿದ್ದಕ್ಕೋ, ನೀರು ಬದಲಾದದ್ದಕ್ಕೋ..."

"ಕತ್ತರಿಸಿಬಿಡ್ರಿ. ಯಾರೂ ನೋಡಿಲ್ಲ ಇನ್ನೂ."

ಕತ್ತರಿ ತೆಗೆದೆ. ಒಂದು ಸುರುಳಿ ತೆಗೆದರೆ ಗಿಡ ಸಾಯುವುದಿಲ್ಲ. ಸತ್ತ ಎಲೆಗಳನ್ನು ಯಾರಿಗೂ ಕಾಣದಂತೆ ಕತ್ತರಿಸುವುದೇ ನನ್ನ ಕಸುಬು. ಬದುಕಿದ್ದನ್ನು ಹಾಗೆ ಕತ್ತರಿಸಿದವಳಲ್ಲ. ಗಿಡಕ್ಕೂ ಆರ್ಡರಿಗೂ ಸಂಬಂಧವಿಲ್ಲವೆಂದು ವಾದಿಸಿದವಳು ನಾನೇ. ಸಂಬಂಧವಿಲ್ಲದಿದ್ದರೆ ಕತ್ತರಿಸುವುದಕ್ಕೆ ಏನಡ್ಡಿ? ಸಂಬಂಧವಿಲ್ಲದಿದ್ದರೆ ಕತ್ತರಿಸುವುದಾದರೂ ಏಕೆ? ಎರಡೂ ಕಡೆಯ ವಾದಗಳು ಸಮವಾಗಿ ತೂಗಿದವು, ಕೈ ನಡುವೆ ನಿಂತಿತು. ಹೊಸಬರೇ, ಕತ್ತರಿ ಹಿಡಿದು ತರ್ಕ ಮಾಡಬೇಡಿ.

ಏಕೆಂದರೆ ಅಷ್ಟರಲ್ಲಿ ಶೆಟ್ಟರು ಕಾಫಿ ಲೋಟದೊಡನೆ ಬೀರುವಿನ ಹಿಂದಿನಿಂದ ಇಣುಕಿದರು. "ಓಹೋಹೋ! ಬಂತಲ್ಲ ಮಾರಾಯ್ರೆ! ಸುಮಂಗಲಾ ಮೇಡಂ, ಪಾರ್ಟಿ ಯಾವಾಗ?"

ಮಹಡಿಗೆ ಮಹಡಿಯೇ ನೆರೆಯಿತು. ತೆಲುಗಿನವರೂ ಬಂದು "ಕಂಗ್ರಾಟ್ಸ್ ಅಂಡಿ" ಎಂದರು. ಯಾರೋ ಫೋಟೋ ತೆಗೆದರು. ಗದಗದಲ್ಲಿದ್ದ ವೀರೇಶ್ ಅವರಿಗೆ ಹೇಳಿದ್ದು ಶೆಟ್ಟರೇ. ಹಳೇ ಸಹೋದ್ಯೋಗಿ, ಸಂತೋಷದ ಸುದ್ದಿ, ಯಾರಾದರೂ ಹೇಳುತ್ತಾರೆ.

ಶುಕ್ರವಾರ ಬೆಳಿಗ್ಗೆ ನಾನು ಎಲೆ ಒರೆಸುತ್ತ ಕೆಳಗೆ ಕೂತಿದ್ದಾಗ ವೀರೇಶ್ ಬಂದರು. ರೈಲಿನಿಂದ ಇಳಿದು ನೇರ ಇಂದ್ರಕೀಲಾದ್ರಿ ಬೆಟ್ಟ ಹತ್ತಿ, ಅಮ್ಮನವರ ದರ್ಶನ ಮಾಡಿ ಬಂದಿದ್ದರು. ಹಣೆಯ ತುಂಬ ಕುಂಕುಮ, ಕೈಯಲ್ಲಿ ಲಡ್ಡುವಿನ ಪೊಟ್ಟಣ, ಹೆಗಲ ಚೀಲದಲ್ಲಿ ಕಟಕ ರೊಟ್ಟಿ. ಮೆತ್ತಗಿನ ಮನುಷ್ಯ. ಗಿಡ ನೋಡಿದರು, ನನ್ನ ಅಂಗಿಯ ಮೇಲಿನ ನಮ್ಮ ಸಂಸ್ಥೆಯ ಹೆಸರು ನೋಡಿದರು, ಹೆಂಡತಿಯನ್ನು ನೋಡಿದರು. ಅವರ ಮುಖ ಅರಳಿತು. ಅವರು ಏನೆಂದುಕೊಂಡರೆಂಬುದು ಸ್ಪಷ್ಟವಿತ್ತು. ಸುರುಳಿಯನ್ನು ಹೇಳಿ ತರಿಸಬಹುದೆಂದು ತಿಳಿದವರು ಅವರು. ಬಂದದ್ದನ್ನು ಹೆಂಡತಿಯೇ ತರಿಸಿದ್ದಾಳೆ, ಎಂದರೆ ಬರಲು ಅವಳಿಗೂ ಮನಸ್ಸಿದೆ ಎಂದುಕೊಂಡಿದ್ದರು.

"ಏನ್ ಸುಮಾ, ಕಡೀಗೂ ಬಂತಲ್ಲ!" ಎಂದರು.

ಸುಮಂಗಲಾ ನನ್ನ ಕಡೆ ನೋಡಿದರು. ನನ್ನ ಹತ್ತಿರ ತುರುಪಿನ ಎಲೆ ಇತ್ತು. ಸರ್, ಎರಡು ವರ್ಷದ ಹಿಂದೆ ನೀವೇ ತರಿಸಿದ್ದು ನಮಗೆ ಗೊತ್ತು ಎಂದರೆ ಅವರ ವಾದ ಅಲ್ಲಿಗೇ ಬೀಳುತ್ತಿತ್ತು. ಆದರೆ ಅವರ ವಾದ ಯಾವುದು? ಅವರು ಏನನ್ನೂ ವಾದಿಸುತ್ತಿರಲಿಲ್ಲ. ಲಡ್ಡು ಹಿಡಿದು ನಿಂತಿದ್ದರು. ಆಕೆಯ ವಾದವನ್ನೂ ಗಿಡವೇ ಕೆಡಿಸಿತ್ತು. ಯಾವ ಪಕ್ಷದಲ್ಲಿ ಎದ್ದು ನಿಲ್ಲಬೇಕೆಂದು ತಿಳಿಯದೆ ಒದ್ದೆ ಬಟ್ಟೆ ಹಿಂಡಿದೆ.

ಸುಮಂಗಲಾ ಎದ್ದರು. "ನಾ ಬರೂದಿಲ್ರೀ. ಅರ್ಜಿ ವಾಪಸ್ ತಗೋತೀನಿ."

"ಅಲ್ಲ... ಸುರುಳಿ ಬಂದೈತಲ್ಲ?"

"ಬರ್ಲಿ ಬಿಡ್ರಿ. ಅದಕ್ಕ ಬರೂದಿತ್ತು, ಬಂದೈತಿ. ನನಗ ಇರೂದೈತಿ, ಇರ್ತೀನಿ."

ಒಂದು ಕಾರಣ, ಒಂದು ಪುರಾವೆ, ಒಂದು ಉದಾಹರಣೆ ಇಲ್ಲ. ಚರ್ಚಾಸ್ಪರ್ಧೆಯಲ್ಲಾದರೆ ಸೊನ್ನೆ ಅಂಕ.

ವೀರೇಶ್ ಲಡ್ಡುವಿನ ಪೊಟ್ಟಣವನ್ನು ಟೇಬಲ್ಲಿನ ಮೇಲಿಟ್ಟರು. ಸುರುಳಿಯನ್ನು ಬೆರಳ ತುದಿಯಿಂದ ಮುಟ್ಟಿದರು. "ಇದನ್ನ ನೀ ತರಿಸಿದ್ದಲ್ಲ?" ಎಂದು ಸಣ್ಣ ದನಿಯಲ್ಲಿ ಕೇಳಿದರು.

"ನಾ ತರಿಸಿದ್ದು ಬರಲಾರದ್ದು."

ಅವರ ತುಟಿಯ ತುದಿ ಅಲುಗಿತು. ನಗುವೋ ಅಳುವೋ ಕೆಳಗೆ ಕೂತಿದ್ದ ನನಗೆ ಕಾಣಲಿಲ್ಲ. "ನಂದು ಬಂದಿದ್ದು... ಅದೂ ತರಿಸಿದ್ದ ಇತ್ತು, ಸುಮಾ."

"ಗೊತ್ತೈತ್ರಿ."

"ಗೊತ್ತಿತ್ತು? ಯಾವಾಗಿಂದ?"

"ಆ ಸಲ ಗಿಡದ ಜೋಡಿ ಕುಂಡದ ಬಣ್ಣಾನೂ ಬದಲಾಗಿತ್ತು. ಫೈಲ್ ನೋಡಿ ನೋಡಿ ನನಗ ಅಷ್ಟೂ ಕಾಣೂದಿಲ್ಲೇನು?"

ಹಾಗಾದರೆ ಬದಲಿಯ ಗುಟ್ಟು, ನಾನು ಇಷ್ಟು ವರ್ಷ ನುಂಗಿಕೊಂಡು ಬಂದದ್ದು, ಆಕೆಗೆ ಮೊದಲೇ ತಿಳಿದಿತ್ತು! ಗಂಡ ತರಿಸಿದ್ದು ತಿಳಿದೂ, ಗಂಡ ನಂಬುತ್ತಾನೆ ಎಂದು ನನಗೆ ಹೇಳಿದ್ದೇಕೆ? ಆಮೇಲೆ ಒಮ್ಮೆ ಕೇಳಿದೆ. "ತರಿಸಿದವ್ರು ನಂಬೂದಿಲ್ಲಂತ ಯಾರ್ ಹೇಳ್ಯಾರ?" ಎಂದರು. ಅದರ ಮೇಲೆ ನಾನು ಇನ್ನೂ ಯೋಚಿಸುತ್ತಿದ್ದೇನೆ.

ವೀರೇಶ್ ಕುರ್ಚಿ ಎಳೆದುಕೊಂಡು ಕೂತರು. "ಅವ್ವಗ ಏನ್ ಹೇಳ್ಲಿ?"

"ಸುರುಳಿ ಬಂದಿಲ್ಲಂತ ಹೇಳ್ರಿ."

"ಶೆಟ್ಟರು ಫೋನ್ ಮಾಡಿದ್ದು ಅವ್ವ ಕೇಳ್ಯಾಳಲ್ಲ."

ಇಬ್ಬರೂ ಶೆಟ್ಟರ ಕಡೆ ತಿರುಗಿದರು. ಇಡೀ ಮಹಡಿ ತಿರುಗಿತು. ಶೆಟ್ಟರು ಕನ್ನಡಕ ಏರಿಸಿ, ಗಿಡದ ನಡುವಿನಲ್ಲಿ ಬೆರಳುದ್ದ ಎದ್ದು ನಿಂತಿದ್ದ ಆ ಹಸಿರು ಸುರುಳಿಯನ್ನು ನೆಟ್ಟಗೆ ನೋಡಿದರು.

"ಎಂತ ಸುರುಳಿ? ಆವತ್ತು ನನ್ನ ಕಣ್ಣಿಗೆ ಎಂತದೋ ಆಗಿತ್ತು. ಇಲ್ಲಿ ನನಗೆ ಎಂತದೂ ಕಾಣುದಿಲ್ಲ ಮಾರಾಯ್ರೆ. ನಿಮಗೆ ಕಾಣ್ತದಾ?"

ಯಾರಿಗೂ ಕಾಣಲಿಲ್ಲ. ಲಡ್ಡು ಹಂಚಿದರು. ನನಗೂ ಒಂದು ಕೊಟ್ಟರು. ಮಧ್ಯಾಹ್ನದೊಳಗೆ ಸುಮಂಗಲಾ ಅರ್ಜಿ ವಾಪಸ್ ತೆಗೆದುಕೊಂಡರು. ವೀರೇಶ್ ಭಾನುವಾರದವರೆಗೂ ಇದ್ದು, ಮಗಳಿಂದ ಸ್ವಲ್ಪ ತೆಲುಗು ಬೈಗುಳ ಕಲಿತು, ಗದಗಕ್ಕೆ ಹೋದರು. ಆಮೇಲೆ ತಿಂಗಳಿಗೊಮ್ಮೆ ಬರುತ್ತಿದ್ದರು. ಅವರ ಅವ್ವ ನಂಬಿದರೇ ಎಂದು ಕೇಳಬೇಡಿ. ಯಾರೂ ಕೇಳಲಿಲ್ಲ.

ನನಗೆ ಉಳಿದದ್ದು ಗಿಡ. ನಿಯಮದ ಪ್ರಕಾರ ಮೂರು ವಾರಕ್ಕೆ ಅದನ್ನು ವಿಶಾಖಕ್ಕೆ ಕಳಿಸಬೇಕಿತ್ತು. ಮಹಡಿಯವರು ಬಿಡಲಿಲ್ಲ. ಮಂದ ಬೆಳಕು, ಏಸಿ ಗಾಳಿ, ಅರೆಹೊಟ್ಟೆ ನೀರು, ಯಾವುದರಲ್ಲೂ ಅದು ಬದುಕಬಾರದಿತ್ತು. ಸುರುಳಿ ದಿನಕ್ಕಿಷ್ಟು ಬಿಚ್ಚಿಕೊಂಡು, ಉಳಿದೆಲ್ಲ ಎಲೆಗಳಿಗಿಂತ ದೊಡ್ಡದಾಗಿ, ಸುಮಂಗಲಾ ಮೇಡಂ ಫೈಲುಗಳ ಮೇಲೆ ಬಾಗಿ ನಿಂತಿತು. ಸಹಿ ಹಾಕುವಾಗ ಅವರು ಅದನ್ನು ಎಡಗೈಯಿಂದ ಸರಿಸಿಕೊಳ್ಳುತ್ತಿದ್ದರು. ಬಂದೇ ಇಲ್ಲದ ಆ ಎಲೆಯನ್ನು ನಾನು ಕೆಲಸ ಬಿಡುವವರೆಗೂ ಪ್ರತಿ ಸೋಮವಾರ, ಬರೀ ನೀರಿನಲ್ಲಿ, ಎರಡೂ ಬದಿ ತಿರುಗಿಸಿ ಒರೆಸಿದೆ.